ಕುಂಚ ಇಬ್ಬರದು, ಕಾಪಿರೈಟ್ ಯಾರದು?



ಕಳೆದ ವಾರ ಬೆಂಗಳೂರಿನ ಕಲಾವಿದೆಯೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಅವರ ಪೇಂಟಿಂಗ್‌ಗಳಿಗೆ ಮಲೆನಾಡಿನ ಹಸೆ ಚಿತ್ತಾರವೇ ಸ್ಫೂರ್ತಿ. ಎರಡು ತಿಂಗಳಲ್ಲಿ ಒಂದು ಗ್ರೂಪ್ ಶೋ ಇದೆಯಂತೆ. ಅದಕ್ಕೆ ಸಾಗರದ ಕಡೆಯ ಒಬ್ಬ ಅಮ್ಮನ ಜೊತೆ ಸೇರಿ ಹೊಸ ಕೃತಿ ಮಾಡ್ತಾರೆ. ಆ ಅಮ್ಮ ದೀವರ ಮನೆಯವರು. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಗೆರೆ ಎಳೆಯೋ ಕೈ ಅವರದು. ಪ್ರಶ್ನೆ ಇಷ್ಟೇ: "ಅಮ್ಮನಿಗೆ ದಿನಗೂಲಿ ಲೆಕ್ಕದಲ್ಲಿ ಒಳ್ಳೆ ದುಡ್ಡು ಕೊಟ್ರೆ ಸಾಕಲ್ವಾ?"

ನನ್ನ ಪ್ರಕಾರ ಸಾಕಾಗಲ್ಲ. ಯಾಕೆ ಅಂತ ಹೇಳೋ ಮೊದಲು ಎರಡು ಹಳೇ ಶೋಗಳ ಕಥೆ.

1989ರಲ್ಲಿ ಪ್ಯಾರಿಸ್‌ನಲ್ಲಿ 'ಮಜಿಸಿಯಾಂ ದ ಲಾ ತೇರ್' ಅನ್ನೋ ದೊಡ್ಡ ಗುಂಪು ಪ್ರದರ್ಶನ ನಡೀತು. ನಮ್ಮ ಗೊಂಡ ಕಲಾವಿದ ಜನಗಢ ಸಿಂಗ್ ಶ್ಯಾಮ್ ಕೂಡ ಅದರಲ್ಲಿದ್ರು. ಒಂದು ಹಾಲ್‌ನಲ್ಲಿ ಆಸ್ಟ್ರೇಲಿಯಾದ ಯುಎಂಡುಮು ಊರಿನ ಮೂಲನಿವಾಸಿಗಳು ನೆಲದ ಮೇಲೆ ಚಿತ್ರ ಬಿಡಿಸಿದ್ರು. ಅದರ ಹಿಂದಿನ ಗೋಡೆ ಮೇಲೆ ಬ್ರಿಟನ್ನಿನ ರಿಚರ್ಡ್ ಲಾಂಗ್ ಅವರ ಭಾರೀ ಮಣ್ಣಿನ ವೃತ್ತ. ಆ ವೃತ್ತ ಕೆಳಗಿನ ಚಿತ್ರವನ್ನ ನುಂಗಿ ಹಾಕ್ತು ಅಂತ ಟೀಕೆ ಬಂತು. ಫೋಟೋ ನೋಡಿದ್ರೆ ನನಗೂ ಹಾಗೇ ಅನ್ಸುತ್ತೆ.

ಅದೇ ಲಾಂಗ್ 2003ರಲ್ಲಿ ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ ಇನ್ನೊಬ್ಬರ ಜೊತೆ ಪ್ರದರ್ಶನ ಮಾಡಿದ್ರು. ಆ ಇನ್ನೊಬ್ಬರು ಮಹಾರಾಷ್ಟ್ರದ ಡಹಾಣು ಕಡೆಯ ವಾರ್ಲಿ ಕಲಾವಿದ ಜಿವ್ಯಾ ಸೋಮಾ ಮಾಶೆ. ವಾರ್ಲಿ ಮದುವೆಯ ಗೋಡೆಚಿತ್ರ ಹೆಂಗಸರ ಕೆಲಸವಾಗಿತ್ತು. ಮಾಶೆ ಅದನ್ನ ಗೋಡೆಯಿಂದ ಕಾಗದಕ್ಕೆ, ಬಟ್ಟೆಗೆ ತಂದ್ರು. 2011ರಲ್ಲಿ ಪದ್ಮಶ್ರೀ ಬಂತು. ಈ ಸಲ ಶೋ ಹೆಸರಲ್ಲೇ ಇಬ್ಬರೂ ಇದ್ರು. ಮಾಶೆ ಅಲ್ಲಿ ಯಾರ ಸಹಾಯಕರೂ ಅಲ್ಲ.

ಈಗ ಕಾನೂನಿಗೆ ಬರೋಣ. ನಾನು ಬಿಕಾಂ, ವಕೀಲ ಅಲ್ಲ. ಆದ್ರೆ ಕಾಯ್ದೆಯ ಈ ಸಾಲು ಓದಿ ನಿಜವಾಗ್ಲೂ ಬೆಚ್ಚಿಬಿದ್ದೆ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17 ಪ್ರಕಾರ, ಒಬ್ಬರು ದುಡ್ಡು ಕೊಟ್ಟು ಹೇಳಿ ಮಾಡಿಸಿದ ಪೇಂಟಿಂಗ್‌ಗೆ, ಬೇರೆ ಒಪ್ಪಂದ ಇಲ್ಲದಿದ್ರೆ, ಕಾಪಿರೈಟಿನ ಮೊದಲ ಮಾಲೀಕರು ದುಡ್ಡು ಕೊಟ್ಟವರು! ಬರೆದವರಲ್ಲ.

ಲೆಕ್ಕ ಹಾಕೋಣ. ಚಿತ್ರ 1 ಲಕ್ಷಕ್ಕೆ ಹೋಯ್ತು ಅಂದ್ಕೊಳ್ಳಿ. ಗ್ಯಾಲರಿ 40 ಸಾವಿರ ಹಿಡ್ಕೊಳ್ತು. ಅಮ್ಮನಿಗೆ ದಿನಕ್ಕೆ 800ರಂತೆ ಹತ್ತು ದಿನಕ್ಕೆ 8,000. ಉಳಿದ 52,000 ನಿಮ್ಮದು. ಕ್ಯಾನ್ವಾಸ್, ಫ್ರೇಮ್ ಖರ್ಚು ಕಳೀರಿ. ನಾಳೆ ಆ ಚಿತ್ರ ಟೋಟ್ ಬ್ಯಾಗ್ ಮೇಲೆ, ಕ್ಯಾಲೆಂಡರ್ ಮೇಲೆ ಬಂದ್ರೆ ಅಮ್ಮನಿಗೆ ಏನೂ ಇಲ್ಲ. ಇನ್ನೂ ಒಂದಿದೆ. ಮೂಲ ಪೇಂಟಿಂಗ್ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟ ಆದ್ರೆ ಕಲಾವಿದರಿಗೆ ಪಾಲು ಕೇಳೋ ಹಕ್ಕಿದೆ, ಗರಿಷ್ಠ ಶೇ 10. ಆದ್ರೆ ಆ ಹಕ್ಕು ಇರೋದು ಕಾಪಿರೈಟಿನ ಮೊದಲ ಮಾಲೀಕರಾಗಿದ್ದ ಕಲಾವಿದರಿಗೆ. ದಿನಗೂಲಿ ದಾರಿಯಲ್ಲಿ ಅಮ್ಮ ಅದನ್ನೂ ಕಳ್ಕೋತಾರೆ.

ಒಂದು ಮಾತ್ರ ಕೈಬಿಟ್ಟು ಹೋಗಲ್ಲ: ಸೆಕ್ಷನ್ 57. ಕಾಪಿರೈಟ್ ಬೇರೆಯವರ ಹತ್ರ ಇದ್ರೂ, ಈ ಕೃತಿ ನನ್ನದು ಅಂತ ಹೇಳ್ಕೊಳ್ಳೋ ಹಕ್ಕು ಬರೆದವರದ್ದೇ.

ಹಾಗಾಗಿ ಆ ಕಲಾವಿದೆಗೆ ನಾನು ಹೇಳಿದ್ದು: ಸಾಗರಕ್ಕೆ ಹೋಗುವಾಗ ಒಂದು ಪುಟದ ಒಪ್ಪಂದ ತಗೊಂಡು ಹೋಗಿ, ಕನ್ನಡದಲ್ಲಿ. ಕಾಪಿರೈಟ್ ಇಬ್ಬರಿಗೂ ಜಂಟಿ, ಗ್ಯಾಲರಿ ಕಮಿಷನ್ ಕಳೆದು ಉಳಿದದ್ದರಲ್ಲಿ ಯಾರಿಗೆಷ್ಟು, ಪ್ರಿಂಟ್ ಹಾಕಿಸೋಕೆ ಇಬ್ಬರ ಒಪ್ಪಿಗೆ ಬೇಕು ಅಂತ ಬರೀರಿ. ಅಮ್ಮನಿಗೆ ಜೋರಾಗಿ ಓದಿ ಹೇಳಿ. ಅವರು ಬೇಡ ಅಂದ ಸಾಲು ತೆಗೀರಿ. ದೇವರ ಕಾರ್ಯದ ಯಾವುದೋ ಚಿತ್ತಾರ ಮಾರಾಟಕ್ಕೆ ಬೇಡ ಅಂತಲೂ ಅವರು ಹೇಳಬಹುದು.

ಅವರಿಂದ ನಿನ್ನೆ ರಿಪ್ಲೈ ಬಂತು. ಗ್ಯಾಲರಿಯವರು ಲೇಬಲ್‌ಗೆ ಒಂದೇ ಹೆಸರು ಕೇಳಿದ್ರಂತೆ. ಇವರು ಎರಡು ಕಳಿಸಿದ್ದಾರೆ, ಅಮ್ಮನ ಹೆಸರು ಮೊದಲು.