ಬೀದಿಯಲ್ಲಿ ಸಿಕ್ಕ ಮೊಬೈಲು

'ಸಿಕ್ಕಿದವರಿಗೆ ಸೀರುಂಡೆ' ಎಂಬುದೊಂದು ಮಾತು. ಬೀದಿಯ ಅಂಚಿನಲ್ಲಿ ಗಾಜು ಒಡೆದ ಮೊಬೈಲೊಂದು ಬಿದ್ದಿದ್ದರೆ ಈ ಮಾತು ಸಲ್ಲುವುದೇ? ಕೆಟ್ಟ ವಸ್ತು ಯಾರಿಗೆ ಬೇಕು ಎಂದು ನಮಗೆ ತೋರಬಹುದು. ಆದರೆ ಗಾಜು ಒಡೆದರೂ ಒಳಗಿನ ಸ್ಮೃತಿಕೋಶ ಹಲವು ವೇಳೆ ಕೆಡದೆ ಉಳಿದಿರುತ್ತದೆ. ಅಗಲಿದ ತಾಯಿಯ ಧ್ವನಿ ಅದರಲ್ಲಿರಬಹುದು; ಕಳೆದುಕೊಂಡವರಿಗೆ ಅದು ಮತ್ತೆಲ್ಲಿಯೂ ದೊರೆಯದು.

ಮೊದಲು ಅಪಾಯವನ್ನು ಅರಿಯಬೇಕು. ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಧನ ಮತ್ತು ಋಣ ಧ್ರುವಗಳನ್ನು ತೆಳುವಾದ ಪೊರೆಯೊಂದು ಬೇರ್ಪಡಿಸಿರುತ್ತದೆ. ಪೆಟ್ಟು ಬಿದ್ದು ಪೊರೆ ಹರಿದರೆ ಅವೆರಡೂ ಒಂದಕ್ಕೊಂದು ತಗುಲಿ, ಕಾವು ಏರಿ, ಬೆಂಕಿ ಹೊತ್ತಿಕೊಳ್ಳಬಹುದು. ಆದುದರಿಂದ ಉಬ್ಬಿದ ಅಥವಾ ಬಿಸಿಯಾದ ಮೊಬೈಲನ್ನು ಮುಟ್ಟದೆ ಹಿರಿಯರಿಗೆ ತಿಳಿಸಬೇಕು. ಒಡೆದುದನ್ನು ಚಾರ್ಜಿಗೆ ಹಾಕಿ ನೋಡಲೂ ಬಾರದು.

ಅಂತಹ ಲಕ್ಷಣಗಳಿಲ್ಲದಿದ್ದರೆ, ಸಿಕ್ಕ ಸ್ಥಳವನ್ನೂ ವೇಳೆಯನ್ನೂ ಬರೆದುಕೊಂಡು, ಹಿರಿಯರೊಡನೆ ಹೋಗಿ ಸಮೀಪದ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಮೊಬೈಲಿಗೆ ಐ.ಎಂ.ಇ.ಐ. ಎಂಬ 15 ಅಂಕೆಗಳ ಗುರುತುಸಂಖ್ಯೆ ಇರುತ್ತದೆ. ಕಳೆದುಕೊಂಡವರು ದೂರು ನೀಡಿದ್ದರೆ, ಈ ಸಂಖ್ಯೆಯ ನೆರವಿನಿಂದ ಪೊಲೀಸರು ಅವರನ್ನು ಗುರುತಿಸಬಲ್ಲರು. ಸಿಕ್ಕ ವಸ್ತುವನ್ನು ಕೈಗೆತ್ತಿಕೊಂಡವನು ಅದನ್ನು ಜೋಪಾನ ಮಾಡಲು ಹೊಣೆಗಾರನೆಂದು 1872ರ ಭಾರತೀಯ ಕರಾರು ಅಧಿನಿಯಮವೂ ವಿಧಿಸಿದೆ.

ಒಡೆಯನು ಕಣ್ಣೆದುರಿಗಿಲ್ಲವೆಂದ ಮಾತ್ರಕ್ಕೆ ವಸ್ತು ಅನಾಥವಲ್ಲ. ನಾವು ಅದನ್ನು ಎತ್ತಿಕೊಂಡ ಹೊತ್ತಿನಲ್ಲಿಯೇ ಯಾರೋ ಒಬ್ಬರು ನೆಲವನ್ನೇ ದಿಟ್ಟಿಸುತ್ತ, ಬಂದ ದಾರಿಯಲ್ಲಿ ಹಿಂದಿರುಗಿ ಬರುತ್ತಿರಬಹುದೆಂಬುದನ್ನು ಮರೆಯಬಾರದು.