ಮೂವತ್ತನೆಯ ಮನೆ

ಬಾಡಿಗೆಯ ಮನೆ ಹುಡುಕುವುದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಮೈಸೂರಿನಲ್ಲಿ ಮೇಷ್ಟರ ಕೆಲಸಕ್ಕೆ ಸೇರಿದ ಹೊಸತರಲ್ಲಿ, ‘ಮನೆ ಬಾಡಿಗೆಗಿದೆ’ ಎಂಬ ಹಲಗೆ ಕಂಡಲ್ಲೆಲ್ಲ ಒಳಹೊಕ್ಕು, ಜಾತಿ, ಊಟ, ಬಂದುಹೋಗುವ ನೆಂಟರು, ಎಲ್ಲಕ್ಕೂ ಉತ್ತರ ಹೇಳಿ ಬರಿಗೈಯಲ್ಲಿ ಹಿಂದಿರುಗಿದವನು ನಾನು. ಆದುದರಿಂದ 2023ರ ಕೊನೆಯಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಕಳೆಯಲು ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋದಾಗ, ನೆರೆಮನೆಯ ಹೆಣ್ಣುಮಗಳ ಸಂಕಟ ನನಗೆ ಪರಿಚಿತವೆಂದೇ ತೋರಿತು.

ಆಕೆ ವೃದ್ಧಾಶ್ರಮವೊಂದರಲ್ಲಿ ಮುದುಕರ ಆರೈಕೆ ಮಾಡುತ್ತಿದ್ದಳು. ಇಬ್ಬರು ಮಕ್ಕಳ ತಾಯಿ. ಸಂಬಳ ಬಾಡಿಗೆಗೆ ಸಾಲದು. ಕೊರತೆಯ ಒಂದಂಶವನ್ನು ಸರ್ಕಾರ ತುಂಬುತ್ತಿತ್ತು. ಈಗ ಮನೆಯೊಡೆಯ ಎರಡು ತಿಂಗಳ ನೋಟೀಸು ಕೊಟ್ಟಿದ್ದ. ಆಕೆಯ ತಪ್ಪೇನೂ ಇರಲಿಲ್ಲ. 1988ರ ಗೃಹಶಾಸನದ 21ನೆಯ ಕಲಮಿನಂತೆ ತಪ್ಪು ತೋರಿಸಬೇಕಾಗಿಯೂ ಇರಲಿಲ್ಲ.

“ಸರ್ಕಾರವೇ ಹಣ ಕೊಡುವಾಗ ಚಿಂತೆಯೇಕೆ?” ಎಂದೆ. ಆಕೆ ನಕ್ಕುಬಿಟ್ಟಳು. ಆ ನಗೆಯ ಅರ್ಥ ತಿಳಿಯಲು ನನಗೆ ಕೆಲವು ದಿನ ಹಿಡಿಯಿತು.

ಒಂದು ಕಾಲಕ್ಕೆ ಅಲ್ಲಿಯ ನಗರಸಭೆಗಳು ತಾವೇ ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದವು. 1980ರ ಕಾನೂನು ಆ ಮನೆಗಳನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕನ್ನು ಅಲ್ಲಿದ್ದವರಿಗೆ ನೀಡಿತು; ಮಾರಿದಷ್ಟನ್ನು ಮತ್ತೆ ಕಟ್ಟಲಿಲ್ಲ. ಮನೆಯ ಬದಲು ಬಾಡಿಗೆಯ ಹಣ ಕೊಡುವುದು ಬೆಳೆಯಿತು. ಅದಕ್ಕೊಂದು ಮಿತಿಯುಂಟು. ಒಂದು ಪ್ರದೇಶದ ನೂರು ಬಾಡಿಗೆಮನೆಗಳನ್ನು ಅಗ್ಗದಿಂದ ದುಬಾರಿಯವರೆಗೆ ಸಾಲಾಗಿ ನಿಲ್ಲಿಸಿದೆವೆಂದು ಭಾವಿಸಿರಿ. 2008ರಲ್ಲಿ ಸಾಲಿನ ನಡುವಣ ಮನೆಯ ಬಾಡಿಗೆಯೇ ಮಿತಿ. 2011ರಲ್ಲಿ ಅದು ಮೂವತ್ತನೆಯ ಮನೆಗೆ ಇಳಿಯಿತು. 2016ರಿಂದ ನಾಲ್ಕು ವರ್ಷ ದರ ಕದಲಲಿಲ್ಲ. 2020ರಲ್ಲಿ ಸರಿಪಡಿಸಿ ಮತ್ತೆ ನಿಲ್ಲಿಸಿದರು. ನಾನು ಹೋದಾಗ ಬಾಡಿಗೆ 2023ರದು, ಸಹಾಯಧನ 2020ರದು. ಸಾಲದ್ದಕ್ಕೆ, ಆ ಮೂವತ್ತು ಮನೆಗಳಲ್ಲಿ ಆಗಲೇ ಜನರಿದ್ದರು!

ಒಂದು ಸಂಜೆ ನಮ್ಮ ಅಡಿಗೆಮನೆಯಲ್ಲಿ ಕುಳಿತು ಆಕೆ ಏಜೆಂಟರಿಗೆ ಫೋನು ಮಾಡಿದಳು. ಎಲ್ಲೆಲ್ಲೂ ಸವಿಮಾತು. ಸಹಾಯಧನದ ಸುದ್ದಿ ಬಂದೊಡನೆ, “ಆ ಮನೆ ಈಗತಾನೆ ಹೋಯಿತು” ಎಂಬ ಉತ್ತರ. ಹಿಂದೆ ಜಾಹೀರಾತಿನಲ್ಲಿಯೇ ‘ಡಿ.ಎಸ್.ಎಸ್. ಬೇಡ’ ಎಂದು ಅಚ್ಚುಹಾಕಿಸುತ್ತಿದ್ದರಂತೆ. ಅದು 2001ರಲ್ಲಿಯೇ ಇಲ್ಲವಾದ ಸಮಾಜಭದ್ರತಾ ಇಲಾಖೆಯ ಹೆಸರು. ಇಂತಹ ಸಾರಾಸಗಟು ನಿಷೇಧ ಕಾನೂನುಬಾಹಿರವೆಂದು 2020ರಲ್ಲಿ ಯಾರ್ಕ್ ನಗರದ ನ್ಯಾಯಾಲಯ ತೀರ್ಪಿತ್ತಿತು. ನಾನು ಕೇಳಿದ ಮಟ್ಟಿಗೆ, ಹೋದದ್ದು ಅಚ್ಚಿನ ಮಾತು ಮಾತ್ರ, ಬಾಗಿಲು ತೆರೆದಿರಲಿಲ್ಲ. ಮನೆಯೊಡೆಯರೆಲ್ಲ ಕ್ರೂರಿಗಳೆನ್ನಲಾರೆ, ಸಾಲದ ಬಡ್ಡಿ ಏರಿ ತಾವೇ ಕಂಗೆಟ್ಟವರೂ ಅವರಲ್ಲುಂಟು. ಆದರೆ ಆ ಭಾರವೂ ಕೊನೆಗೆ ಬಡವನ ಹೆಗಲಿಗೇ ಬರುತ್ತದೆ.

ಅವಧಿ ಮುಗಿಯಿತು. ನಗರಸಭೆ ತಾಯಿಮಕ್ಕಳನ್ನು ಹೋಟೆಲಿನ ಒಂದು ಕೋಣೆಯಲ್ಲಿ ಇರಿಸಿತು. ಮಕ್ಕಳಿರುವ ಕುಟುಂಬವನ್ನು ಅಂತಹ ಕಡೆ ಆರು ವಾರಕ್ಕಿಂತ ಹೆಚ್ಚು ಇಡಬಾರದೆಂದು ನಿಯಮವಿದೆ. 2025ರ ಮಾರ್ಚ್ ಕೊನೆಗೆ ಇಂಗ್ಲೆಂಡಿನಲ್ಲಿ ಹೀಗೆ ತಾತ್ಕಾಲಿಕ ಆಶ್ರಯದಲ್ಲಿದ್ದ ಸಂಸಾರಗಳು 1 ಲಕ್ಷ 30 ಸಾವಿರಕ್ಕೂ ಹೆಚ್ಚು. ಬಾಡಿಗೆಯ ಕೊರತೆ ತುಂಬಲು ಕೈಬಿಗಿ ಹಿಡಿದ ಹಣ ಹೋಟೆಲಿನ ಕೋಣೆಗೆ ಹರಿಯುವುದನ್ನು ಯಾವ ಲೆಕ್ಕದ ಮೇಷ್ಟರು ಮೆಚ್ಚಿಯಾರು?

ಹೋಗುವಾಗ ಆಕೆ ಒಂದು ಹೂಕುಂಡವನ್ನು ನಮ್ಮಲ್ಲಿ ಬಿಟ್ಟು, “ಮನೆ ಸಿಕ್ಕಮೇಲೆ ಒಯ್ಯುತ್ತೇನೆ” ಎಂದಳು.

2024ರ ಏಪ್ರಿಲಿನಲ್ಲಿ ದರವನ್ನು ಮತ್ತೆ ಮೂವತ್ತನೆಯ ಮನೆಗೆ ಏರಿಸಿದರು. 2025ರಲ್ಲಿ ಮತ್ತೆ ತಡೆಹಿಡಿದರು. ಕಾರಣ ಹೇಳದೆ ಬಿಡಿಸುವುದನ್ನೂ, ಸಹಾಯಧನದವರೆಂದು ನಿರಾಕರಿಸುವುದನ್ನೂ ನಿಷೇಧಿಸುವ 2025ರ ಕಾನೂನು 2026ರ ಮೇ 1ನ್ನು ಅದಕ್ಕೆ ಗೊತ್ತುಮಾಡಿದೆ. ಒಳ್ಳೆಯದೇ. ಆದರೆ ಬಾಗಿಲು ತಟ್ಟುವ ಹಕ್ಕಿದ್ದರೆ ಸಾಲದು. ಒಳಗೆ ನಿಲ್ಲುವಷ್ಟು ಹಣ ಬೇಕು. ಅದಕ್ಕೂ ಮೊದಲು, ತಟ್ಟಲೊಂದು ಮನೆಯೇ ಇರಬೇಕು.

ನಾನು ಊರಿಗೆ ಮರಳಿದ ಮೇಲೆ, 2024ರ ಬೇಸಗೆಯಲ್ಲಿ, ಮಗಳು ಬರೆದಳು: “ಅಪ್ಪ, ಅವರು ಬಂದು ಕುಂಡ ಒಯ್ದರು. ಮನೆ ಸಿಕ್ಕಿದೆಯಂತೆ. ಮಕ್ಕಳ ಶಾಲೆಗೆ ಮಾತ್ರ ಎರಡು ಬಸ್ಸು.”