ನಷ್ಟವಾದದ್ದೆಲ್ಲ ಪರಿಹಾರಕ್ಕೆ ಅರ್ಹವೇ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ ಭತ್ತದ ಊರಾಯಿತು. ಭತ್ತದ ಬೆನ್ನಿಗೆ ಅಕ್ಕಿ ಗಿರಣಿಗಳೂ ಬಂದವು. ಅಂಥ ಒಂದು ಗಿರಣಿಯ ಯಂತ್ರ ಕೆಟ್ಟು, ದುರಸ್ತಿಯಾದ ಭಾಗವನ್ನು ತರಬೇಕಾದ ಲಾರಿಯವರು ಒಂದು ವಾರ ತಡಮಾಡಿದರೆನ್ನಿ. ಗಿರಣಿ ನಿಂತಿತು, ಲಾಭವೂ ಹೋಯಿತು. ಅದನ್ನೆಲ್ಲ ಲಾರಿಯವರು ತುಂಬಿಕೊಡಬೇಕೇ?

ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಹಿಟ್ಟಿನ ಗಿರಣಿಯೊಂದರಲ್ಲಿ ಇಂಥದೇ ಪ್ರಸಂಗ ನಡೆಯಿತು. 1854ರ ಆ ಹ್ಯಾಡ್ಲಿ–ಬ್ಯಾಕ್ಸೆಂಡೇಲ್ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಕರಾರು ಮುರಿದಾಗ ಸಹಜವಾಗಿ ಒದಗುವ ನಷ್ಟ, ಇಲ್ಲವೇ ಕರಾರಿನ ವೇಳೆಗೇ ಇಬ್ಬರಿಗೂ ತಿಳಿದಿದ್ದ ನಷ್ಟ – ಇವೆರಡಕ್ಕೆ ಮಾತ್ರ ಪರಿಹಾರ ಎಂಬುದು ಅದರ ತಿರುಳು.

ನಮ್ಮ 1872ರ ಕರಾರು ಕಾಯಿದೆಯ 73ನೇ ಕಲಮಿನಲ್ಲಿರುವುದೂ ಇದೇ ತತ್ವ. ಯಂತ್ರವಿಲ್ಲದೆ ಗಿರಣಿ ನಿಂತಿದೆ ಎಂದು ಮೊದಲೇ ತಿಳಿಸಿದ್ದರೆ, ತಡವಾದ ದಿನಗಳ ಸರಾಸರಿ ಲಾಭ ದೊರೆಯುತ್ತದೆ. ಅದೇ ಕಾರಣಕ್ಕೆ ಕೈತಪ್ಪಿದ ಸರ್ಕಾರಿ ಗುತ್ತಿಗೆಯ ಲಾಭ ಮಾತ್ರ ದೊರೆಯದು. ಈ ಉದಾಹರಣೆ ಕಾಯಿದೆಯಲ್ಲೇ ಇದೆ. ನಷ್ಟ ತಗ್ಗಿಸಲು ಇದ್ದ ದಾರಿಯನ್ನು ಬಳಸದೆ ಕೈಕಟ್ಟಿ ಕುಳಿತವರಿಗೆ ಆ ಭಾಗದ ಪರಿಹಾರವೂ ಇಲ್ಲ.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿಯಬೇಕು. ‘ಡ್ಯಾಮೇಜ್’ ಎಂದರೆ ಆದ ಹಾನಿ. ‘ಡ್ಯಾಮೇಜಸ್’ ಎಂದರೆ ಅದಕ್ಕೆ ನ್ಯಾಯಾಲಯ ಕೊಡಿಸುವ ಹಣ. ಮೊದಲನೆಯದು ಇದ್ದಲ್ಲೆಲ್ಲ ಎರಡನೆಯದು ಸಿಗುವುದಿಲ್ಲ. 1410ರಲ್ಲಿ ಅದೇ ಗ್ಲಾಸ್ಟರಿನಲ್ಲಿ ಶಿಕ್ಷಕನೊಬ್ಬ ಹೊಸ ಶಾಲೆ ತೆರೆದ. ಪೈಪೋಟಿಯಿಂದಾಗಿ ಹಳೆಯ ಶಾಲೆಯವರು ಶುಲ್ಕ ಇಳಿಸಬೇಕಾಯಿತು. ನಷ್ಟವೇನೋ ನಿಜ, ಆದರೆ ಯಾರ ಹಕ್ಕಿಗೂ ಭಂಗ ಬಂದಿರಲಿಲ್ಲ, ಪರಿಹಾರ ಸಿಗಲಿಲ್ಲ. ಗಂಗಾವತಿಯ ಒಂದು ಟ್ಯುಟೋರಿಯಲ್ ಎದುರು ಇನ್ನೊಂದು ತೆರೆದರೂ ಮಾತು ಇಷ್ಟೇ. ಇದಕ್ಕೆ ತದ್ವಿರುದ್ಧವಾದದ್ದು 1703ರ ಆಶ್ಬಿ–ವೈಟ್ ಪ್ರಕರಣ. ಅಲ್ಲಿ ಮತದಾರನಿಗೆ ಮತ ಹಾಕಲು ಬಿಡಲಿಲ್ಲ. ಅವನ ಅಭ್ಯರ್ಥಿ ಗೆದ್ದಿದ್ದರೂ ಹಕ್ಕಿಗೆ ಭಂಗವಾದ ಕಾರಣ ಪರಿಹಾರ ದೊರೆಯಿತು.

ಹಾಗಾದರೆ ಸಂಪಾದನೆಯೇ ಇಲ್ಲದ ಮಗುವಿನ ಕಾಲಿನ ಬೆಲೆ ಎಷ್ಟು? ಶಾಲೆಗೆ ಹೋಗುವ ಮಗು ವಾಹನಕ್ಕೆ ಸಿಕ್ಕಿ ಅಂಗವಿಕಲವಾದರೆ ತಂದೆ–ತಾಯಿಗಳನ್ನು ಕಾಡುವ ಪ್ರಶ್ನೆ ಇದು. 2013ರಲ್ಲಿ ಬಾಲಕನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಪಾದನೆ ಇಲ್ಲವೆಂದು ಮಕ್ಕಳ ಪರಿಹಾರ ಕಡಿಮೆಯಾಗಬಾರದೆಂದು ಭಾವಿಸಿ ಒಂದು ಅಳತೆ ಸೂಚಿಸಿತು. ಇಡೀ ದೇಹದ ಅಂಗವೈಕಲ್ಯ ಶೇ. 10ರವರೆಗೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದಕ್ಕೂ ಮೀರಿದರೆ 6 ಲಕ್ಷ ರೂಪಾಯಿ. ಚಿಕಿತ್ಸೆ, ಆರೈಕೆಯ ಖರ್ಚು ಇದಕ್ಕೆ ಹೊರತು. ವಿಶೇಷ ಸಂದರ್ಭಗಳಲ್ಲಿ ಈ ಅಳತೆ ಬದಲಾಗಬಹುದೆಂದು ಅದೇ ತೀರ್ಪು ಹೇಳಿತ್ತು; ನಂತರದ ತೀರ್ಪುಗಳು ಇದಕ್ಕಿಂತ ಬಹಳ ಹೆಚ್ಚು ಕೊಟ್ಟದ್ದೂ ಉಂಟು. ನೋವು ಮತ್ತು ಕಳೆದುಕೊಂಡ ಬಾಲ್ಯದ ಸುಖ ಕೂಡ ಕಾನೂನಿನ ಲೆಕ್ಕದಲ್ಲಿ ಹಾನಿಯೇ.

ಆದರೆ ಹಾನಿಯನ್ನು ತೋರಿಸಿಕೊಡುವ ಹೊಣೆ ಕೇಳುವವರದು. ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ಚೀಟಿ, ಔಷಧದ ರಸೀದಿ, ಅಂಗವೈಕಲ್ಯದ ಪ್ರಮಾಣಪತ್ರ, ಶಾಲೆ ತಪ್ಪಿದ ದಿನಗಳ ದಾಖಲೆ – ಇವನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅರ್ಜಿ ಹಾಕಲು ತಡಮಾಡಬಾರದು. ಚೀಟಿ ಕಳೆದರೆ, ಆದ ಖರ್ಚು ನಿಜವಾದರೂ ಅದನ್ನು ನ್ಯಾಯಮಂಡಳಿಗೆ ಮನದಟ್ಟು ಮಾಡುವುದು ಕಷ್ಟ.